ಕಾಮಣ್ಣನ ರೈಫಲ್ ಗುರಿ ಹಿಡಿದದ್ದು

ಮೂರನೆಯ ಗುಂಡೂ ಎಣ್ಣೆಡಬ್ಬದ ಗೋಜಿಗೆ ಹೋಗಲಿಲ್ಲ. ಅದರ ಎಡಕ್ಕೆ ಒಂದು ಗೇಣು ದೂರದಲ್ಲಿ ದಿಬ್ಬದ ಮಣ್ಣು ಹಾರಿತು. ಕಾಮಣ್ಣ ರೈಫಲಿನಿಂದ ಕೆನ್ನೆ ಎತ್ತಿ, ಯಾರಾದರೂ ನೋಡಿಬಿಟ್ಟರೇನೋ ಎಂದು ಸುತ್ತ ಕಣ್ಣಾಡಿಸಿದ. ನೋಡಿದ್ದವನು ಭರಮು ಕಾಕಾ ಒಬ್ಬನೇ. ಅವನು ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು, ತನ್ನ ಹೊಲದ ಒಂದು ಶೇಂಗಾ ಗಿಡ ಕಿತ್ತು ಕಾಯಿ ಒಡೆದು ಬಾಯಿಗೆ ಹಾಕಿಕೊಳ್ಳುತ್ತಿದ್ದ.

“ಇನ್ನೂ ಎಳಕ ಅದಾವ,” ಎಂದ ಕಾಕಾ. ಆಮೇಲೆ ನೆನಪಾದವನಂತೆ, “ಬಂದೂಕಿಂದೂ ಹದಾ ಆಗಿಲ್ಲೋ ತಮ್ಮಾ. ನಾಳೆ ನೋಡೂಣು.”

ಎಂಟು ದಿನದಿಂದ ಇದೇ ಮಾತು.

ಅದು ಎಂಬತ್ತೇಳರ ಮಳೆಗಾಲದ ಕೊನೆ. ಜುಗೂಳದ ಹೊಳೆದಂಡೆಯ ಪೊದೆಗಳಲ್ಲಿ ಕಾಡುಹಂದಿಗಳು ಮಕ್ಕಳುಮರಿ ಸಮೇತ ಸಂಸಾರ ಹೂಡಿದ್ದವು. ಕಾಮಣ್ಣನ ಎರಡೆಕರೆ ಗೋವಿನಜೋಳ ತೆನೆ ಕಟ್ಟುವ ಹೊತ್ತಿಗೆ ಬೆಳೆ ಕಾಯುವ ಲೈಸನ್ಸು ಕೈಸೇರಿತು. ಅದರ ಬೆನ್ನಿಗೇ ಬೆಳಗಾವಿಯ ಅಂಗಡಿಯಿಂದ ಒಂದು ಬೋಲ್ಟ್ ರೈಫಲ್ ಬಂತು, ಅವನ ಜನ್ಮದಲ್ಲಿ ಮೊದಲನೆಯದು. ವರ್ಷಕ್ಕೆ ಐವತ್ತೇ ಕಾಡತೂಸು ಎಂದು ಲೈಸನ್ಸಿನಲ್ಲಿ ಬರೆದಿತ್ತು. ಕಾಮಣ್ಣನಿಗೆ ಅದರ ಚಿಂತೆ ಇರಲಿಲ್ಲ. ಹಂದಿಗೆ ಒಂದರಂತೆ ಹಾಕಿದರೂ ಇಡೀ ಸಂತಾನ ಮುಗಿಯುತ್ತದಲ್ಲ!

ಚಿಂತೆ ಇದ್ದದ್ದು ಹೆಂಡತಿಯದು. ರೈಫಲನ್ನು ಎಳೆಕೂಸಿನಂತೆ ಒರೆಸುತ್ತ ಕೂತ ಗಂಡನಿಗೆ ಸಾವಿತ್ರೆವ್ವ ಮೊದಲ ದಿನವೇ ಕಡ್ಡಿ ಮುರಿದಂತೆ ಹೇಳಿದ್ದಳು:

“ಜ್ವಾಳ ಉಳಿದ್ರ ಇದು ಮನ್ಯಾಗ ಇರ್ಲಿ. ಜ್ವಾಳ ಹೋದ್ರ ಇದೂ ಹೋಗ್ಲಿ. ಬಂದ ಅಂಗಡಿಗೇ ತಿರುಗಿ ಕೊಟ್ಟು ಬರ್ರಿ.”

ಅವಳು ಹೇಳಿದರೆ ಮುಗಿಯಿತು. ಕಾಮಣ್ಣ ನೇರವಾಗಿ ಭರಮು ಕಾಕಾನ ಮನೆ ಬಾಗಿಲಿಗೆ ಹೋದ. ಕಾಕಾ ಪಲ್ಟನ್ನಿನಲ್ಲಿ ಇಪ್ಪತ್ತು ವರ್ಷ ಬಂದೂಕು ರಿಪೇರಿ ಮಾಡಿ ಬಂದವನು. ರೈಫಲನ್ನು ಬಿಚ್ಚಿ ಚಾಪೆಯ ಮೇಲೆ ಹರಡಿದ. ನಳಿಗೆ ಕೂರುವ ಕಟ್ಟಿಗೆಯ ತೋಡನ್ನು ಮೂರು ದಿನ ಪಾಲಿಶ್ ಕಾಗದದಿಂದ ಉಜ್ಜಿ, ನಡುವೆ ಒಂದು ಪೋಸ್ಟ್ ಕಾರ್ಡು ಸರಾಗವಾಗಿ ಸರಿಯುವಂತೆ ಮಾಡಿದ.

“ನಳಿಗಿ ಕಟ್ಟಿಗಿಗೆ ತಾಗಬಾರದು. ತಾಗಿದ್ರ ಗುಂಡು ಹಾದಿ ಬಿಡತೈತಿ.”

ಟ್ರಿಗರಿನ ಒರಟು ತೆಗೆದ. ಹಿಂದೆ ಸಣ್ಣ ತೂತಿನ ಗುರಿಪಟ್ಟಿ ಕೂರಿಸಿದ. ಒಂದು ಪೈಸೆ ಕೇಳಲಿಲ್ಲ. ಕಾಮಣ್ಣನಿಗೆ ಕಣ್ಣು ತುಂಬಿ ಬಂತು.

ಮೊದಲ ಮೂರು ಗುಂಡನ್ನು ಕಾಕಾ ತಾನೇ ಹಾರಿಸಿದ. ಒಬ್ಬನೇ ಹೋಗಿ ಡಬ್ಬ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ತನ್ನ ಹೊಲವನ್ನೊಮ್ಮೆ ನೋಡಿ, ಡಬ್ಬವನ್ನು ಬಾವಿಗೆ ಎಸೆದು ಬಂದ.

“ಭಾಳ ಕೆಲಸ ಐತಿ. ದಿನಾ ಮೂರು ಹಾರಿಸಬೇಕು. ಹೊತ್ತು ಮುಣಗೂ ಮುಂದ ಬಾ, ಆಗ ಗಾಳಿ ನಿಂತಿರತೈತಿ.”

ಅಂದಿನಿಂದ ದಿನಾ ಸಂಜೆ ಕಾಮಣ್ಣ ಕಾಕಾನ ಬದುವಿನಲ್ಲಿ ಉಸುಕಿನ ಚೀಲದ ಮೇಲೆ ರೈಫಲ್ ಇಟ್ಟು ಬೋರಲು ಮಲಗುವನು. ಕಾಕಾ ಸೊಂಟದಿಂದ ಸ್ಕ್ರೂಡ್ರೈವರ್ ತೆಗೆದು, ಬಂದೂಕನ್ನು ಕಟ್ಟಿಗೆಗೆ ಬಿಗಿಯುವ ಮುಂದಿನ ಸ್ಕ್ರೂವನ್ನು ಎಡಕ್ಕೆ ಇಷ್ಟೇ ಇಷ್ಟು ತಿರುಗಿಸಿ, “ಹಾಂ, ಹೊಡಿ,” ಎನ್ನುವನು. ಗುಂಡು ಒಂದು ದಿನ ಎಡಕ್ಕೆ, ಒಂದು ದಿನ ಬಲಕ್ಕೆ, ಒಂದು ದಿನ ಆಕಾಶಕ್ಕೆ.

ಇತ್ತ ಮುಂಜಾನೆ ಎದ್ದರೆ, ರಾತ್ರಿ ಹಂದಿ ತಿಂದ ಜೋಳದ ಬಗ್ಗೆ ಸಾವಿತ್ರೆವ್ವನ ವರದಿ. “ಇವತ್ತ ನಾಕು ಸಾಲು.” “ಇವತ್ತ ಏಳು ಸಾಲು.” ಕಾಮಣ್ಣ ತಲೆ ಎತ್ತದೆ ರೊಟ್ಟಿ ಮುರಿಯುತ್ತಿದ್ದ. ಕಾಕಾ ಬಂದೂಕನ್ನು ಬೈಯುತ್ತಿದ್ದರೂ ತಪ್ಪೆಲ್ಲ ತನ್ನ ಕೈಯದೇ ಎಂದು ಅವನಿಗೆ ಖಾತ್ರಿಯಾಗಿತ್ತು. ಬಹಳ ನಾಚಿಕೆಯಾಗುತ್ತಿತ್ತು.

ಒಮ್ಮೆ ಧೈರ್ಯ ಮಾಡಿ ಕೇಳಿದ: “ಕಾಕಾ, ನಮ್ಮ ಹೊಲದಾಗ ಹಾರಿಸೂಣೇನು?”

“ಹುಚ್ಚಾ! ನಿನ್ನ ಹೊಲ ಸಪಾಟ ಐತಿ. ಗುಂಡು ಹೊಳಿ ದಾಟಿ ಮಹಾರಾಷ್ಟ್ರಕ್ಕ ಹೋತಂದ್ರ ಎರಡು ರಾಜ್ಯದ ಪೊಲೀಸರು ನಿನ್ನ ಮನಿಗೆ ಬರ್ತಾರ. ಇಲ್ಲಿ ದಿಬ್ಬ ಐತಿ. ಗುರಿ ಕೂತ ಮ್ಯಾಲೆ ಹೊಲಕ್ಕ ಒಯ್ಯಿ.”

ಮಾತು ಸರಿಯಾಗಿಯೇ ಇತ್ತು.

ಹದಿನಾರನೆಯ ಸಂಜೆ ಕಾಕಾನ ಹೊಲ ಬಯಲಾಗಿತ್ತು. ಮಲಗುವುದಕ್ಕೆ ಅನುಕೂಲವೇ ಆಯಿತು. ಕಾಕಾ ಅಂದು ಸ್ಕ್ರೂವನ್ನು ಬಲಕ್ಕೆ, ಹಲ್ಲು ಕಚ್ಚಿ, ಇನ್ನು ತಿರುಗದಷ್ಟು ಬಿಗಿದ.

“ಹೊಡಿ.”

ಮೂರು ಗುಂಡು. ಕಾಮಣ್ಣ ಅರವತ್ತು ಹೆಜ್ಜೆ ಓಡಿ ಡಬ್ಬ ಎತ್ತಿ ನೋಡಿದರೆ, ನಾಲ್ಕಾಣೆ ಬಿಲ್ಲೆಯಿಂದ ಮುಚ್ಚಬಹುದಾದಷ್ಟು ಜಾಗದಲ್ಲಿ ಮೂರೂ ತೂತು! ಅವನು ಡಬ್ಬವನ್ನು ಎದೆಗೆ ಒತ್ತಿಕೊಂಡು ಬಂದು ಕಾಕಾನ ಕಾಲು ಮುಟ್ಟಿದ.

“ಇರ್ಲಿ, ಇರ್ಲಿ,” ಎಂದ ಕಾಕಾ, ಸ್ವಲ್ಪ ಮುಜುಗರದಿಂದ. “ನಿನ್ನ ಉಪಕಾರನೂ ಸಣ್ಣದೇನಲ್ಲ.”

ಯಾವ ಉಪಕಾರ ಎಂದು ಕೇಳುವ ಪುರಸೊತ್ತು ಕಾಮಣ್ಣನಿಗಿರಲಿಲ್ಲ. ಎರಡು ಕಾಡತೂಸು ಉಳಿದಿದ್ದವು, ಅರ್ಧ ಜೋಳವೂ ಉಳಿದಿತ್ತು. ಒಂದೇ ಉಸಿರಿಗೆ ಮನೆಗೆ ಓಡಿ, ಡಬ್ಬವನ್ನು ಹೆಂಡತಿಯ ಮುಂದೆ ಹಿಡಿದ.

“ನೋಡಿಲ್ಲೆ! ಬಂದೂಕಿಲೆ ಬೆಳಿ ಉಳೀತೈತೋ ಇಲ್ಲೋ, ಈಗ ಹೇಳು!”

ಸಾವಿತ್ರೆವ್ವನ ಮಡಿಲ ತುಂಬ ಹಸಿ ಶೇಂಗಾ. ಒಂದನ್ನು ಒಡೆದು ಗಂಡನ ಕೈಗಿಟ್ಟಳು.

“ಉಳೀತೈತಿ ಬಿಡ್ರಿ. ಕಾಕಾನ ಹೆಂಡ್ತಿ ದುಂಡವ್ವ ಕಳಿಸ್ಯಾಳ, ಇವತ್ತ ಮುಂಜಾನಿ ಶೇಂಗಾ ಕಿತ್ತು ಮುಗೀತಂತ. ದಿನಾ ನಿಮ್ಮ ಬಂದೂಕಿನ ಸಪ್ಪಳಕ್ಕ ಅಂಜಿ ಒಂದು ಹಂದಿನೂ ಅವರ ಹೊಲಕ್ಕ ಕಾಲಿಟ್ಟಿಲ್ಲಂತ. ಎಲ್ಲಾ ನಮ್ಮ ಜ್ವಾಳಕ್ಕ ಬಂದಾವು.”