ಬಲಗೈಗೆ ಸನ್ಮಾನ

ಮೈಯ ಕೊರತೆಯನ್ನೆಲ್ಲ ತುಂಬಿ ತೋರಿಸುವ ಕನ್ನಡಕ ಊರಿನವರ ಮೂಗೇರಿದ ಮೇಲೆ, ನಾಟಕ ಕಂಪನಿಯ ಕಸ್ತೂರವ್ವನಿಗೆ ಬಲಗೈಯೇ ಇಲ್ಲವೆಂಬುದನ್ನು ಎಲ್ಲರೂ ಮರೆತಿದ್ದರು. ಒಂದೇ ಕೈಯಲ್ಲಿ ಕತ್ತಿ ಬೀಸಿ, ಕೂಸು ಆಡಿಸಿ, ಮೂವತ್ತು ವರ್ಷ ಅವಳು ರಂಗವನ್ನಾಳಿದ್ದು ಈ ಮಂದಿಗೆ ಕಂಡರೆ ತಾನೇ!

ಇವತ್ತು ಸನ್ಮಾನ. ಮಂತ್ರಿಗಳು ಗಾಜಿನ ಫಲಕ ಎತ್ತಿದರು. ಕಸ್ತೂರವ್ವ ಎಡಗೈ ಚಾಚಿದಳು.

"ಎಡಗೈಲೆ ಇಸ್ಕೋತಾರೇನ್ರೀ ಅವ್ವಾರ?" ಎಂದು ನಕ್ಕ ಮಂತ್ರಿಗಳು, ತಮ್ಮ ಕನ್ನಡಕದಲ್ಲಿ ಕಾಣುತ್ತಿದ್ದ ಬಳೆ ತೊಟ್ಟ ಬಲಗೈಗೆ ಫಲಕವಿಟ್ಟು ಫೋಟೊದವರತ್ತ ತಿರುಗಿದರು.

ಫಲಕ ನೆಲಕ್ಕೆ ಬಿದ್ದು ಚೂರಾಯಿತು.

"ಹಿಡ್ಕೊಳ್ಳಾಕ ಬರೂದಿಲ್ಲೇನ್ರೀ?" ಮಂತ್ರಿಗಳು ಗದರಿದರು.

ಕಸ್ತೂರವ್ವ ಚೂರುಗಳನ್ನು ಕಾಲಿನಿಂದ ಬದಿಗೆ ಸರಿಸಿ, ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು.

"ನನಗ್ಯಾಕ ಬೈತೀರಿ? ನಿಮ್ಮ ಕನ್ನಡಕ ಕೊಟ್ಟೈತಲ್ಲಾ, ಆ ಕೈಗೆ ಬೈರಿ."