ಎರಡಾಳು ಆಳದ ರಾಜ್ಯ

"ಈ ನೀರಿಗೆ ತಳ ಅನ್ನೋದು ಐತೇನಪ್ಪಾ?"

ಪೆದ್ದಣ್ಣ ಕೇಳಿದ್ದು ಯಾರನ್ನೂ ಅಲ್ಲ. ಗುಡ್ಡೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಕೆರೆಯಾಚೆಯ ಹಟ್ಟಿಯಲ್ಲಿ ಅವನ ಕುರಿಗಳು ಮೂರು ದಿನದಿಂದ ಮೇಯದೆ ಅರಚುತ್ತಿದ್ದವು. ಯಾರೋ ಹಿಡಿ ಸೊಪ್ಪು ಹಾಕಿದ್ದಾರಂತೆ. ಹಿಂಡಿಗೆ ಹಿಡಿ ಸೊಪ್ಪು ಯಾವ ಮೂಲೆಗೆ? ಗಬ್ಬದ ಕುರಿ ಎರಡು ನೆಲ ಹಿಡಿದಿವೆಯಂತೆ.

"ತಳ ಐತೋ ಇಲ್ವೋ ಅಂತ ಪ್ರಜೆ ಕೇಳಬಾರದು," ಎಂದ ಹಿಂದಿನಿಂದ ಯರ್ರಪ್ಪ. ಮೊನ್ನೆಯವರೆಗೆ ಪಂಪ್‌ಸೆಟ್ ರಿಪೇರಿಯವನು. ಈಗ ಸೇನಾಧಿಪತಿ.

ಪರಶುರಾಂಪುರದ ಕಡೆಯ ಆ ಊರಿನ ಏಳು ಗಂಡಸರು ಕೆರೆಯಂಗಳದ ನಡುವಿನ ಗುಡ್ಡೆಯ ಮೇಲಿರುವ ವೀರಗಲ್ಲಿನ ಪೂಜೆಗೆಂದು ಬಂದಿದ್ದರು. ಹೆಂಗಸರು ಆ ಗುಡ್ಡೆ ಹತ್ತುವಂತಿಲ್ಲ. ಕತ್ತಲಾದ ಮೇಲೆ ಟ್ರ್ಯಾಕ್ಟರ್ ಅವರನ್ನು ಇಳಿಸಿ ಹೋಯಿತು. ಮರಿ ಬೆಂದಿತು, ಬಾಟಲಿ ತೆರೆಯಿತು, ಮಳೆ ಹೊಡೆಯಿತು. ಎಚ್ಚರವಾದಾಗ ಸುತ್ತ ನೀರು. ಮೊಬೈಲುಗಳೆಲ್ಲ ನೆನೆದು ಸತ್ತಿದ್ದವು. ಹುಟ್ಟಿದಾಗಿನಿಂದ ಒಣಗಿದ ಕೆರೆಯನ್ನೇ ನೋಡಿದ ಜನ. ಒಬ್ಬನಿಗೂ ಈಜು ಬಾರದು.

ಅವರ ಮುಂದಾಳು ಸೋಮಶೇಖರಪ್ಪ. ಊರೆಲ್ಲ ಅವನನ್ನು 'ಅಧ್ಯಕ್ಷರೇ' ಅನ್ನುತ್ತಿತ್ತು. ಪಂಚಾಯಿತಿ ಚುನಾವಣೆ ಗೆದ್ದವಳು ಅವನ ಹೆಂಡತಿ ಹೊನ್ನಕ್ಕ. ಕುರ್ಚಿಯಲ್ಲಿ ಕೂತು ಕಾಲಾಡಿಸಿದವನು ಇವನು. ಹೋದ ವರ್ಷ ಹೂಳೆತ್ತಿಸಿ ಕೆರೆಯನ್ನು ಎರಡಾಳು ಆಳ ಮಾಡಿಸಿದೆನೆಂದು ಬಿಲ್ಲು ಪಾಸು ಮಾಡಿಸಿಕೊಂಡು, ಏರಿಯ ಮೇಲೆ ಹೆಸರಿನ ಕಲ್ಲು ನಿಲ್ಲಿಸಿದ್ದ. ಮಾಡಿಸಿದ ಕೆಲಸ ಕೆಡಬಾರದೆಂದು, ಕೆರೆಯೊಳಗೆ ಯಾರೂ ಕಾಲಿಡದಂತೆ, ಕುರಿ ಇಳಿಸದಂತೆ ಡಂಗುರ ಸಾರಿಸಿದ್ದ.

ಮೊದಲ ಬೆಳಿಗ್ಗೆ ನೀರಿಗಿಳಿದು ನೋಡಿದವನೂ ಅವನೇ. ಜಾಲಿಯ ಮರೆಗೆ ಒಬ್ಬನೇ ಹೋಗಿ, ಒದ್ದೆ ಪಂಚೆ ಹಿಂಡುತ್ತ ಬಂದ.

"ಮುಳುಗಿ ಎದ್ದು ಬಂದೆ ಕಣ್ರಲೇ. ನನ್ ತಲೆ ಮ್ಯಾಲೆ ಇನ್ನೊಂದಾಳು ನೀರೈತೆ!"

ಕಿವಿಯ ಮೇಲಿದ್ದ ಬೀಡಿ ತೆಗೆದು ಹಚ್ಚಿದ. ಅದು ಮುಗಿಯುವುದರೊಳಗೆ ರಾಜ್ಯ ಕಟ್ಟಿ ತಾನೇ ದೊರೆಯಾದ.

ಗುಡ್ಡೆಗೆ 'ಗಂಡುಗಲಿ ದ್ವೀಪ' ಎಂದು ಹೆಸರಾಯಿತು. ನೀರೇ ನಮ್ಮ ಕಂದಕ, ಕಂದಕಕ್ಕೆ ಕಾಲಿಟ್ಟವನು ರಾಜದ್ರೋಹಿ ಎಂಬುದು ಮೊದಲ ಕಟ್ಟಳೆ. ಗಲಿಗಳು ಬೇಡಬಾರದು, ಅಳಬಾರದು, ಮನೆ ನೆನೆಯಬಾರದು. ವೀರಗಲ್ಲಿನ ಬುಡದ ತುಕ್ಕು ಹಿಡಿದ ಕತ್ತಿ ಸೇನಾಧಿಪತಿಯ ಕೈ ಸೇರಿತು. ಶತ್ರು ಎಂಬವನು ಇರಲಿಲ್ಲವಾಗಿ ಅದರ ಮೊನೆ ಹಗಲೆಲ್ಲ ಪ್ರಜೆಗಳ ಕಡೆಗೇ ತಿರುಗಿರುತ್ತಿತ್ತು. ಸೈನ್ಯ ಐದು ಜನ. ಅದರಲ್ಲಿ ಒಬ್ಬನಿಗೆ ಭೇದಿ. ಆ ಗಲಿ ಜಾಲಿ ಮರೆಗೆ ಓಡಬೇಕಾದರೂ ದರ್ಬಾರಿನ ಅಪ್ಪಣೆ ಬೇಕು. ಒಮ್ಮೆ ಅಪ್ಪಣೆ ತಡವಾಯಿತು. ಆ ಇತಿಹಾಸ ಬೇಡ.

ಮಧ್ಯಾಹ್ನ ಹೊನ್ನಕ್ಕ ಊಟ ತರುತ್ತಿದ್ದಳು. ಟ್ರ್ಯಾಕ್ಟರ್ ಟ್ಯೂಬಿಗೆ ಹಲಗೆ ಕಟ್ಟಿ, ಮುದ್ದೆಯ ಪುಟ್ಟಿಯ ಪಕ್ಕ ಚಕ್ಕಳಮಕ್ಕಳ ಕೂತು, ದನ ಹೊಡೆಯುವ ಕೋಲಿನಿಂದ ತಳ್ಳಿಕೊಂಡು ಬರುವಳು. ಗಂಡುಗಲಿಯಾದವನು ಹೆಂಗಸಿನ ಟ್ಯೂಬು ಹತ್ತಬಾರದೆಂಬುದು ಇನ್ನೊಂದು ಕಟ್ಟಳೆ.

"ಮುದ್ದೆ ತೊಳಸ್ದಂಗೆ ಕೆರೆ ತೊಳಸ್ತಾಳೆ ನೋಡ್ರಲೇ!" ದೊರೆ ನಗುವನು. ಗಲಿಗಳೂ ನಗಬೇಕು. ಅಷ್ಟರಲ್ಲೇ ಅವನು ಚೀರುವನು: "ಇಳೀಬ್ಯಾಡ! ಅಲ್ಲೇ ಕುಂತ್ಕ! ಹೆಂಗಸು ಮುಟ್ಟಿದ್ರೆ ಗುಡ್ಡೆ ಮೈಲಿಗೆ!"

"ಬೋಟ್ ಯಾವಾಗವ್ವಾ?" ಎಂದು ಪೆದ್ದಣ್ಣ ಕೇಳಿದರೆ ಹೊನ್ನಕ್ಕ ಗಂಡನ ಮುಖ ನೋಡುವಳು. "ಬರೋರು ಬರ್ತಾರೆ ಬಿಡಣ್ಣ," ಅನ್ನುವಳು. ಅಷ್ಟೇ.

ದೊರೆ ಸಾರಿನ ಗಟ್ಟಿಯನ್ನು ತಾನು ಬಸಿದುಕೊಂಡು ತಿಳಿಯನ್ನು ಗಲಿಗಳಿಗೆ ಬಿಡುತ್ತಿದ್ದ. ಪೆದ್ದಣ್ಣ ನೋಡುತ್ತಿದ್ದ. ಶನಿವಾರ ಆಂಜನೇಯನ ಗುಡಿಯಲ್ಲಿ ಕಾವ್ಯ ಓದಿಸುವಾಗ ಕಂಬಕ್ಕೊರಗಿ, ಕೈಮುಗಿದು, ತುಟಿ ಬಿಚ್ಚದೆ ಕೇಳುವ ಮನುಷ್ಯ ಅವನು. ಆ ಪದ್ಯಗಳಲ್ಲಿ ಸೋತ ದೊರೆಯೊಬ್ಬ ಕೊಳದೊಳಗೆ ಅಡಗಿ ಕೂತಿದ್ದ. ಹಗೆಗಳು ಮೂದಲಿಸಿದಾಗ ಅವನೂ ಗದೆ ಹಿಡಿದು ಮೇಲೆದ್ದಿದ್ದ. ಈ ದೊರೆಗೆ ಮೂದಲಿಕೆಯೂ ದಂಡ.

ಇವತ್ತು ಕುರಿಗಳ ಕೂಗು ಕುಗ್ಗಿತ್ತು. ಕೂಗಿಗಿಂತ ಅದೇ ಕೆಟ್ಟದ್ದು. ಕೆರೆಯ ನಟ್ಟನಡುವೆ ಕೊಕ್ಕರೆಯೊಂದು ಅಲ್ಲಾಡದೆ ನಿಂತಿತ್ತು. ಪೆದ್ದಣ್ಣ ಅದನ್ನೇ ನೋಡಿದ. ಎದ್ದು ಪಂಚೆ ಮೇಲೆ ಕಟ್ಟಿದ.

"ಸತ್ರೆ ಸಾಯ್ತೀನಿ. ನನ್ ಕುರಿ ಹತ್ರ ಹೋಗ್ತೀನ್ರಿ."

"ಹಿಡೀರಲೇ ಅವನ್ನ!" ದೊರೆಯ ದನಿ ಒಡೆಯಿತು. "ಒಂದು ಹೆಜ್ಜೆ ಇಟ್ರೆ ಕಾಲು ಕತ್ತರಿಸ್ತೀನಿ!"

ಮುಳುಗಿ ಸಾಯುವವನ ಕಾಲನ್ನು ಯಾಕೆ ಕತ್ತರಿಸಬೇಕೋ ಪೆದ್ದಣ್ಣನಿಗೆ ತಿಳಿಯಲಿಲ್ಲ. ಯರ್ರಪ್ಪನ ತುಕ್ಕು ಕತ್ತಿ ಎದೆಗೆ ತಾಗಿತು.

ಅಷ್ಟರಲ್ಲಿ ಟ್ಯೂಬು ಕಾಣಿಸಿತು. ಅದರಲ್ಲಿ ಇವತ್ತು ಪುಟ್ಟಿ ಇರಲಿಲ್ಲ. ಹಿಂದೆ ಏರಿಯ ಮೇಲೆ ಜೀಪು, ಊರಿನ ಜನ, ಕೊಡೆ ಹಿಡಿದ ಒಬ್ಬ ಅಪರಿಚಿತ. ಹೊನ್ನಕ್ಕ ಗುಡ್ಡೆಯವರೆಗೆ ಬರಲಿಲ್ಲ. ಕೊಕ್ಕರೆಯ ಹತ್ತಿರ ಟ್ಯೂಬು ನಿಲ್ಲಿಸಿದಳು.

"ಜೀಪಿನಾಗೆ ಯಾರೇ ಅದು?" ದೊರೆ ಕೂಗಿದ.

"ಕೆರೆ ಕೆಲಸ ನೋಡಾಕೆ ಇಂಜಿನಿಯರ್ ಬಂದವ್ರೆ. ನಾನೇ ಕರ್ಸಿದ್ದು. ಬರಾಕೆ ಮೂರು ದಿನ ಮಾಡಿದ್ರು."

ಸೋಮಶೇಖರಪ್ಪ ಕತ್ತಿಯನ್ನು ತಳ್ಳಿ ಅಂಚಿಗೆ ಬಂದು ಮಂಡಿಯೂರಿದ. ಬೇಡಬಾರದೆಂಬ ಕಟ್ಟಳೆಯನ್ನು ಬರೆದವನೇ ಎರಡೂ ಕೈ ಮುಗಿದ.

"ಹೊನ್ನೀ, ನೀನು ಅಧ್ಯಕ್ಷೆ ಅಲ್ವೇನವ್ವಾ, ನಿನ್ ಮಾತು ನಡೀತೈತೆ. ಫೈರಿನೋರಿಗೆ ಹೇಳಿ ಒಂದು ಬೋಟ್ ತರ್ಸು. ಎಲ್ರೆದುರಿಗೆ ಬೋಟಿನಾಗೇ ಕರ್ಕೊಂಡು ಹೋಗು. ಇದೊಂದು ಮಾತು ನಡ್ಸಿಕೊಡು."

ಹೊನ್ನಕ್ಕ ಸೀರೆ ಎತ್ತಿ ಸಿಕ್ಕಿಸಿ ಟ್ಯೂಬಿನಿಂದಿಳಿದಳು. ಕೆರೆಯ ನಟ್ಟನಡುವೆ, ಮೊಣಕಾಲೂ ಮುಟ್ಟದ ನೀರಿನಲ್ಲಿ ನಿಂತು ಹೇಳಿದಳು: "ತರ್ಸಲ್ಲ. ನಡ್ಕೊಂಡು ಬರ್ರಿ."