ಅವಸರದ ದರ

ವಿಜಯಪುರಕ್ಕೆ ಬುಧವಾರ ಮಧ್ಯಾಹ್ನದ ರೈಲೇ ಎಲ್ಲಕ್ಕಿಂತ ಅಗ್ಗ ಎಂದು ಓಣಿಯವರೆಲ್ಲ ಹೇಳಿದ್ದರು. ಆದರೆ ಬುಧವಾರವಾದರೂ ಕೌಂಟರಿನ ಹಿತ್ತಾಳೆ ತಟ್ಟೆಯ ಮೇಲೆ ಅಂಗೈ ಇಡಲೇಬೇಕು. ಹೋಗುವವರಿಗೆ ಎಷ್ಟು ಅವಸರವೋ ಅಷ್ಟು ದರ.

ಶಂಕ್ರವ್ವ ಕೈ ಇಟ್ಟಳು. ಎರಡು ಸಾವಿರದ ನಾಲ್ಕುನೂರು.

“ಚೀಲ ದೂರ ಇಟ್ಟು ಬರ್ರಿ ಅಕ್ಕಾರ,” ಎಂದ ಕೌಂಟರಿನ ಫಕ್ಕೀರಪ್ಪ. “ಒಲ್ಲದ ಬೀಗರ ಮನಿಗೆ ಹೊಂಟೀನಿ ಅಂತ ನೆನಸ್ರಿ. ಎಲ್ಲಾರೂ ಹಂಗ ಮಾಡ್ತಾರ.”

ಚೀಲದಲ್ಲಿ ಹುಣಸೆಹಣ್ಣಿನ ಚಿಗಳಿಯಿತ್ತು. ಆಸ್ಪತ್ರೆಯಲ್ಲಿದ್ದ ಅಕ್ಕ ನಿನ್ನೆ ಫೋನಿನಲ್ಲಿ ಕೇಳಿದ್ದು ಅದೊಂದನ್ನೇ. ಶಂಕ್ರವ್ವ ಚೀಲವನ್ನು ಬೆಂಚಿನ ಮೇಲಿಟ್ಟು ಬಂದಳು. ಮಗಳ ಮದುವೆಯಲ್ಲಿ ಪಂಕ್ತಿಯಿಂದ ಮುನಿಸಿಕೊಂಡು ಎದ್ದುಹೋದ ಬೀಗರನ್ನು ನೆನೆದಳು. ಸಾವಿರದ ಒಂಬೈನೂರಕ್ಕೆ ಇಳಿಯಿತು. ಅವರ ಮನೆಯ ಸಪ್ಪೆ ಸಾರನ್ನೂ ನೆನೆದಳು. ಸಾವಿರದ ಏಳುನೂರಾಯಿತು. ಅಷ್ಟರಲ್ಲಿ ಕಣ್ಣು ಚೀಲದ ಕಡೆ ಹೊರಳಿತು. ದರ ಮತ್ತೆ ಎರಡು ಸಾವಿರ ದಾಟಿತು. ಸೆರಗಿನ ಗಂಟಿನಲ್ಲಿದ್ದದ್ದು ಆರುನೂರು.

“ನನ್ನ ಮನಸ್ಸು ನನ್ನ ಮಾತು ಕೇಳವಲ್ದೋ ತಮ್ಮಾ.”

“ನಾ ಏನ್ ಮಾಡ್ಲಿ ಅಕ್ಕಾರ? ದರ ನನ್ನ ಕೈಯಾಗಿಲ್ಲ.”

ಫೋನ್ ಬಂತು. ಅಕ್ಕನ ಮಗಳು.

“ಅವ್ವ ಹೋದ್ಲು ಚಿಗವ್ವಾ. ಇನ್ನ ಅವಸರ ಮಾಡಬ್ಯಾಡ.”

ಶಂಕ್ರವ್ವ ಹೂಂ ಎಂದಳು. ಬೇರೇನೂ ತೋಚದೆ ಮತ್ತೆ ತಟ್ಟೆಯ ಮೇಲೆ ಕೈ ಇಟ್ಟಳು.

ನಲವತ್ತು ರೂಪಾಯಿ.

“ಶಭಾಶ್! ಈ ವಾರದಾಗ ಇಷ್ಟು ಅಗ್ಗ ಯಾರಿಗೂ ಸಿಕ್ಕಿಲ್ಲ ನೋಡ್ರಿ!” ಫಕ್ಕೀರಪ್ಪ ಖುಷಿಯಿಂದ ಟಿಕೆಟ್ ಹರಿದುಕೊಟ್ಟ. “ಏನ್ ನೆನಸಿದ್ರಿ ಅಕ್ಕಾರ? ಹಿಂದ ನಿಂತವ್ರಿಗೂ ಒಂದೀಟು ಹೇಳ್ರಿ.”